ಮೋಟಾರ್ ಹೋಗಿದೆ ಎನ್ನುವ ಮೊದಲು

ನಾನಿರುವ ಚಳಿ ನಾಡಿನಲ್ಲಿ ಮೊನ್ನೆ ಹೀಟರಿನ ಬ್ಲೋವರ್ (ಬಿಸಿ ಗಾಳಿ ತಳ್ಳುವ ಫ್ಯಾನ್) ಕೆಟ್ಟಿತು. ಗುಂಯ್ ಎಂಬ ಸದ್ದು ಬರುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ರಿಪೇರಿಗೆ ಬಂದವರನ್ನು "ಮೋಟಾರ್ ಹೋಗಿದೆಯೇ?" ಎಂದು ಕೇಳಿದೆ. "ಇನ್ನೂ ಗೊತ್ತಿಲ್ಲ" ಎಂದರು. ಆ ಎರಡು ಪದ ಕೇಳಿ ನನಗಾದ ಸಮಾಧಾನ ಅಷ್ಟಿಷ್ಟಲ್ಲ. ನಮ್ಮ ಕಡೆ ಮುಚ್ಚಳ ಬಿಚ್ಚುವ ಮೊದಲೇ "ಸಾರ್, ಮೋಟಾರ್ ಸುಟ್ಟಿದೆ, ಬದಲಾಯಿಸಬೇಕು" ಎಂಬ ತೀರ್ಪು ಬಂದಿರುತ್ತದೆ.

ಇವರು ಮೊದಲು ಕಿವಿಗೊಟ್ಟರು. ಸದ್ದು ಇದೆಯೆಂದರೆ ಮೋಟಾರಿಗೆ ಕರೆಂಟ್ ತಲುಪುತ್ತಿದೆ. ಹಾಗಾದರೆ ಬಿಸಿ ಎಷ್ಟು ಬೇಕೆಂದು ಹೇಳುವ ಥರ್ಮೋಸ್ಟಾಟ್, ಅದರ ಮಾತಿನಂತೆ ಹೀಟರನ್ನು ನಡೆಸುವ ಕಂಟ್ರೋಲ್ ಬೋರ್ಡುಗಳನ್ನು ಸದ್ಯಕ್ಕೆ ಬದಿಗಿಡಬಹುದು. ಸದ್ದೇ ಇಲ್ಲದಿದ್ದರೆ ಹುಡುಕಾಟ ಇನ್ನೊಂದು ತುದಿಯಿಂದ ಶುರುವಾಗುತ್ತಿತ್ತಂತೆ: ಹೀಟರಿನ ಬಾಗಿಲಿನ ಸ್ವಿಚ್, ಬೋರ್ಡಿನ ಫ್ಯೂಸ್, ಥರ್ಮೋಸ್ಟಾಟಿನಿಂದ ಬರಬೇಕಾದ 24 ವೋಲ್ಟ್. ಕರೆಂಟ್ ತೆಗೆದು ಗಾಳಿಚಕ್ರವನ್ನು ಕೈಯಿಂದ ತಿರುಗಿಸಿದರು. ಸಲೀಸಾಗಿ ತಿರುಗಿತು, ಬೇರಿಂಗ್ ಹಿಡಿದುಕೊಂಡಿಲ್ಲ. ಉಳಿದದ್ದು ಮೋಟಾರಿಗೆ ತಿರುಗುವ ನೂಕು ಕೊಡುವ ಕೆಪ್ಯಾಸಿಟರ್ ಮತ್ತು ಮೋಟಾರಿನೊಳಗೆ ಸುತ್ತಿದ ತಂತಿ, ಅಂದರೆ ವೈಂಡಿಂಗ್.

ಕೆಪ್ಯಾಸಿಟರಿನ ಚಾರ್ಜನ್ನು ರೆಸಿಸ್ಟರ್ ಮೂಲಕ ಇಳಿಸಿ, ತಂತಿ ಕಳಚಿ ಮೀಟರ್ ಹಿಡಿದರು. ಮೈಮೇಲೆ ಅದರ ಬಲ 7.5 ಮೈಕ್ರೋಫ್ಯಾರಡ್ ಎಂದು ಬರೆದಿತ್ತು; ಮೀಟರ್ ತೋರಿಸಿದ್ದು ನಾಲ್ಕರ ಆಸುಪಾಸು. ಶೇ 5 ಅಥವಾ 6ರಷ್ಟು ಏರಿಳಿತವಾದರೆ ಪರವಾಗಿಲ್ಲ, ಇದು ಅರ್ಧಕ್ಕೆ ಇಳಿದಿದೆ ಎಂದರು. ಹೊಸದನ್ನು ಹಾಕಿದಾಗ ಬ್ಲೋವರ್ ತಿರುಗಿತು. ಅಲ್ಲಿಗೂ ನಿಲ್ಲಿಸದೆ ಮೋಟಾರ್ ಎಷ್ಟು ಆಂಪಿಯರ್ ಎಳೆಯುತ್ತಿದೆ ಎಂದು ಅಳೆದು, ಅದರ ತಗಡಿನ ಮೇಲಿನ ಅಂಕಿಯೊಂದಿಗೆ ತಾಳೆ ನೋಡಿದರು.

ನಮ್ಮಲ್ಲಿ ಕೆಪ್ಯಾಸಿಟರ್ ಪರೀಕ್ಷೆಯೆಂದರೆ ಅದನ್ನು ಮೇನ್ಸಿಗೆ ಮುಟ್ಟಿಸಿ ಎರಡು ತಂತಿ ತಾಗಿಸುವುದು. ಚಟ್ ಎಂದು ಕಿಡಿ ಹಾರಿದರೆ "ಇದು ಚೆನ್ನಾಗಿದೆ ಸಾರ್". ಅರ್ಧ ಬಲ ಕಳೆದುಕೊಂಡ ಕೆಪ್ಯಾಸಿಟರೂ ಕಿಡಿ ಹಾರಿಸುತ್ತದೆ! ಅದು ಪಾಸಾಗಿ, ಬಡಪಾಯಿ ಮೋಟಾರ್ ಫೇಲಾಗುತ್ತದೆ. ಅಪಾಯವೂ ಕಡಿಮೆಯದಲ್ಲ. ಇದನ್ನು ಕಣ್ಣಾರೆ ಕಂಡಾಗಲೆಲ್ಲ ನನಗೆ ಸಿಟ್ಟು ಬಂದಿದೆ. ಮೈಕ್ರೋಫ್ಯಾರಡ್ ಅಳೆಯುವ ಮೀಟರ್ ಈಗ ಅಪರೂಪದ ವಸ್ತುವೇನೂ ಅಲ್ಲ.

ಇನ್ನೊಂದು ಪ್ರಕರಣ: ರಾತ್ರಿ ನಿಂತ ಮೋಟಾರ್ ಬೆಳಿಗ್ಗೆ ತಾನಾಗಿ ಓಡುತ್ತದೆ. ಅನೇಕ ಮೋಟಾರುಗಳೊಳಗೆ ಬಿಸಿಯೇರಿದರೆ ಕಡಿತಗೊಂಡು, ತಣಿದ ಮೇಲೆ ಮತ್ತೆ ಕೂಡಿಕೊಳ್ಳುವ ರಕ್ಷಣೆ ಇರುತ್ತದೆ. ಬಿಸಿಯಿದ್ದಾಗಲೇ ವೈಂಡಿಂಗ್ ಅಳೆದರೆ ತಂತಿ ತುಂಡಾದಂತೆ ಕಾಣುತ್ತದೆ. ತಣಿಯುವವರೆಗೆ ಕಾಯುವ ತಾಳ್ಮೆಯೂ ರಿಪೇರಿಯ ಭಾಗವೇ ಎಂದು ನಾನು ಕಲಿತದ್ದು ಇಲ್ಲಿಯೇ.

ಒಂದು ಮಾತು ಒಪ್ಪಬೇಕು. ಇಲ್ಲಿನವರು ನೋಡಿ ಹೇಳುವುದಕ್ಕೇ ಬೇರೆ ಶುಲ್ಕ ಪಡೆಯುತ್ತಾರೆ. ನಮ್ಮಲ್ಲಿ "ಬರೀ ನೋಡಿದ್ದಕ್ಕೆ ದುಡ್ಡೇ?" ಎಂದು ಕೇಳುವವರು ಗಿರಾಕಿಗಳಾದ ನಾವೇ. ಭಾಗ ಬದಲಾಯಿಸಿದರಷ್ಟೇ ಕೂಲಿ ಸಿಗುವಾಗ ಅಳೆಯುತ್ತ ಕೂರುವವರು ಯಾರು? ಮೇಲಾಗಿ, ಎಲೆಕ್ಟ್ರಾನಿಕ್ ನಿಯಂತ್ರಣದ ಹೊಸ ಮೋಟಾರುಗಳಲ್ಲಿ ಕರೆಂಟ್ ಬರುತ್ತಿದೆ, ಬೋರ್ಡಿನ ಸೂಚನೆಯೂ ಬರುತ್ತಿದೆ, ಆದರೂ ತಿರುಗುತ್ತಿಲ್ಲ ಎಂದಾದರೆ ಇಲ್ಲಿನವರು ಅದರ ನಿಯಂತ್ರಣ ಮಾಡ್ಯೂಲನ್ನೋ ಇಡೀ ಮೋಟಾರನ್ನೋ ಎತ್ತಿ ಎಸೆಯುತ್ತಾರೆ. ನಮ್ಮವರು ನಿಜವಾಗಿ ಸುಟ್ಟ ಮೋಟಾರಿಗೂ ಹೊಸ ತಾಮ್ರದ ತಂತಿ ಸುತ್ತಿ ಜೀವ ಕೊಡುತ್ತಾರೆ. ಆ ಕೈಚಳಕ ನನಗೆ ಇಲ್ಲಿ ಕಾಣಸಿಕ್ಕಿಲ್ಲ. ಆದರೆ ಹಾಗೆ ವೈಂಡಿಂಗಿಗೆ ಹೋದ ಮೋಟಾರುಗಳಲ್ಲಿ ಎಷ್ಟರ ಕೆಪ್ಯಾಸಿಟರನ್ನು ಮೊದಲು ಅಳೆದಿದ್ದರು ಎಂಬ ಅನುಮಾನ ಮಾತ್ರ ನನ್ನನ್ನು ಬಿಟ್ಟಿಲ್ಲ.