ಮಣಿ ನೇಯೋಕೆ ಮೊದಲು ರಂಗೋಲಿ ಪುಸ್ತಕ ತೆಗೆಯಿರಿ

ಹಾಸನದಲ್ಲಿ ಮಣಿ ಕೆಲಸ ಕಲಿಯಬೇಕು ಅಂತ ನನ್ನನ್ನು ಕೇಳುವವರಿಗೆಲ್ಲ ಹೇಳುವುದು ಒಂದೇ. ಕಿಟ್ ತಗೋಬೇಡಿ. ಅದರಲ್ಲಿ ಒಂದು ಜೊತೆ ಓಲೆಗೆ ಬೇಕಾದಷ್ಟು ಮಣಿ, ಒಂದು ಸೂಜಿ, ಒಂದು ಚಿತ್ರ ಇರುತ್ತೆ. ಓಲೆ ಮುಗಿದರೆ ಕಲಿಯುವುದೂ ಮುಗಿಯಿತು. ಮುಂದಿನ ಓಲೆಗೆ ಇನ್ನೊಂದು ಕಿಟ್! ನಿಮಗೆ ಬೇಕಾಗಿರುವುದು ಎರಡು ಮೂರು ಹೊಲಿಗೆ, ಎರಡು ಬಣ್ಣದ ಮಣಿ, ಆಮೇಲೆ ಅಮ್ಮನ ಹಳೇ ರಂಗೋಲಿ ಪುಸ್ತಕ. ತಮಾಷೆ ಮಾಡ್ತಿಲ್ಲ.

7 ರಿಂದ 4 ಸಂದು ಚುಕ್ಕಿ ಇಡೋದು ಗೊತ್ತಲ್ವಾ? ನಡುವೆ 7, ಅದರ ಮೇಲೂ ಕೆಳಗೂ ಸಂದಿಗೆ ಸರಿಯಾಗಿ 6, 5, 4. ಇಟ್ಟಿಗೆ ಗೋಡೆಯ ಹಾಗೆ ಮಣಿ ಕೂರಿಸುವ ಬ್ರಿಕ್ ಸ್ಟಿಚ್ ಅನ್ನೋ ಹೊಲಿಗೆ ಮಾಡುವುದು ಇದನ್ನೇ. ಮೊದಲು 7 ಮಣಿಗಳನ್ನು ಲ್ಯಾಡರ್ ಸ್ಟಿಚ್‌ನಲ್ಲಿ, ಅಂದರೆ ಪಕ್ಕದ ಮಣಿಗೆ ದಾರ ಸುತ್ತಿ ಏಣಿಯ ಹಾಗೆ, ಪಕ್ಕಪಕ್ಕ ಜೋಡಿಸಿ. ಮಣಿ ಮಣಿ ನಡುವೆ, ಮೇಲಂಚಿನಲ್ಲಿ, ದಾರದ 6 ಚಿಕ್ಕ ಸೇತುವೆ ಕಾಣುತ್ತೆ. ಹೊಸ ಮಣಿ ಪೋಣಿಸಿ, ಸೂಜಿಯನ್ನು ಆ ದಾರದ ಅಡಿಯಲ್ಲಿ ತೂರಿಸಿ, ಅದೇ ಮಣಿಯ ತೂತಿನಿಂದ ವಾಪಸ್ ಮೇಲೆ ತಂದು ಎಳೆಯಬೇಕು, ಅಷ್ಟೆ. ಸೇತುವೆ 6, ಹಾಗಾಗಿ ಮಣಿ 6. ಸಾಲು ಶುರು ಮಾಡುವಾಗ ಮಾತ್ರ ಎರಡು ಮಣಿ ಒಟ್ಟಿಗೆ ತಗೊಂಡು ಎರಡನೇ ಸೇತುವೆಗೆ ಹಾಕಿ, ಇಲ್ಲದಿದ್ದರೆ ಅಂಚಿನಲ್ಲಿ ದಾರ ಎದ್ದು ಕಾಣುತ್ತೆ. ಪ್ರತಿ ಸಾಲಿನಲ್ಲೂ ತಾನಾಗೇ ಒಂದು ಕಮ್ಮಿ ಆಗುತ್ತೆ, ನೀವು ಲೆಕ್ಕ ಇಡಬೇಕಾಗಿಲ್ಲ. ತಿರುಗಿಸಿ ಕೆಳಗಡೆಯೂ ಮಾಡಿದರೆ 37 ಮಣಿಯ ಆರು ಮೂಲೆಯ ಬಿಲ್ಲೆ. ನಡುವಿನ ಮಣಿ ಹಳದಿ, ಅದರ ಸುತ್ತಲಿನ ಆರು ಬಿಳಿ ಹಾಕಿ ನೋಡಿ, ಹೂವು ಕೂತಿರುತ್ತೆ.

ಹಾಗಂತ ಎಲ್ಲ ರಂಗೋಲಿಯೂ ಬರಲ್ಲ. ಚುಕ್ಕಿಯ ಸುತ್ತ ಬಳ್ಳಿಯ ಹಾಗೆ ಸುತ್ತುವ ಎಳೆಗಳನ್ನು ಬಿಡಿ. ಮಣಿಯಲ್ಲಿ ಬಣ್ಣ ಬೀಳುವುದು ಚುಕ್ಕಿಗೇ ಹೊರತು ಗೆರೆಗಲ್ಲ.

ಪೆಯೋಟಿ ಅನ್ನೋ ಇನ್ನೊಂದು ಹೊಲಿಗೆ ಕೂಡ ಸಂದು ಚುಕ್ಕಿಯೇ, ಹಾಳೆ ಅಡ್ಡ ತಿರುಗಿಸಿದ್ದೀರಿ ಅಷ್ಟೆ. ಶುರುವಿಗೆ ಪೋಣಿಸಿದ ಒಂದೇ ಸರ ಆಮೇಲೆ ಎರಡು ಸಾಲಾಗಿ ಒಡೆಯುತ್ತೆ. ಒಂದು ಮಣಿ ತಗೊಳ್ಳಿ, ಸರದಲ್ಲಿ ಒಂದನ್ನು ಬಿಡಿ, ಮುಂದಿನದರಲ್ಲಿ ಸೂಜಿ ಹಾಕಿ. ಮೊದಲ ಮೂರು ಸಾಲು ಕೈಯಲ್ಲಿ ಹುಳದ ಹಾಗೆ ಹೊರಳಾಡುತ್ತೆ. ಬೆರಳಲ್ಲಿ ಒತ್ತಿ ಹಿಡಿದು ಮುಂದುವರಿಯಿರಿ, ಆಮೇಲೆ ಸರಿಹೋಗುತ್ತೆ. ಸರಿಸಂಖ್ಯೆಯ ಮಣಿಯಿಂದಲೇ ಶುರು ಮಾಡಿ, ಬೆಸ ಸಂಖ್ಯೆಯಲ್ಲಿ ಅಂಚು ತಿರುಗಿಸೋದು ಸುಮ್ನೆ ತಲೆನೋವು.

ಯಾವುದಕ್ಕೆ ಯಾವ ಹೊಲಿಗೆ ಅನ್ನೋದನ್ನು ಕಿಟ್ ಹೇಳಿಕೊಡಲ್ಲ, ಡಿಸೈನ್ ಇರೋದೇ ಆ ಆಯ್ಕೆಯಲ್ಲಿ. ನೆಟ್ಟಗೆ ನಿಂತ ಗೆರೆ ಪೆಯೋಟಿಯಲ್ಲಿ ಚೊಕ್ಕವಾಗಿ ಬರುತ್ತೆ, ಅಡ್ಡ ಗೆರೆ ಹಲ್ಲುಹಲ್ಲಾಗುತ್ತೆ. ಬ್ರಿಕ್‌ನಲ್ಲಿ ಇದರ ಉಲ್ಟಾ. ಹಳೇಬೀಡಿನ ಗೋಡೆಯಲ್ಲಿ ಒಂದರ ಮೇಲೊಂದು ಪಟ್ಟಿ ಇದೆಯಲ್ಲ, ಆನೆ ಸಾಲು, ಸಿಂಹದ ಸಾಲು, ಕುದುರೆ ಸಾಲು, ಆ ಥರ ಅಡ್ಡ ಅಂಚು ಬೇಕಾದರೆ ಬ್ರಿಕ್ ಹಿಡಿಯಿರಿ.

ಆನೆಯನ್ನೇ ಬಿಡಿಸ್ತೀನಿ ಅನ್ನುವವರಿಗೆ ಸ್ಕ್ವೇರ್ ಸ್ಟಿಚ್. ಇದು ನೇರ ಚುಕ್ಕಿ, ಮಣಿ ಒಂದರ ಮೇಲೊಂದು ಸರಿಯಾಗಿ ಕೂರುತ್ತೆ, ಕ್ರಾಸ್ ಸ್ಟಿಚ್ ಕಸೂತಿಯ ಚೌಕದ ಚಾರ್ಟ್ ಹಾಗೇ ಬಳಸಬಹುದು. ನಿಧಾನ ಮಾತ್ರ ಜಾಸ್ತಿ. ಇನ್ನೊಂದು ವಿಷಯ, ಮಣಿ ಚೌಕ ಅಲ್ಲ. ಜಪಾನಿನ ಮಿಯುಕಿ ಕಂಪನಿಯ ಡೆಲಿಕಾ 11ನೇ ನಂಬರಿನ ಮಣಿ 1.6 ಮಿಲಿಮೀಟರ್ ದಪ್ಪ, ತೂತಿನ ಉದ್ದಕ್ಕೆ 1.3 ಮಿಲಿಮೀಟರ್. ಚೌಕದ ಹಾಳೆಯಲ್ಲಿ ಬರೆದ ಗುಂಡು ಆನೆ ಮಣಿಯಲ್ಲಿ ಎತ್ತರಕ್ಕೆ ಎಳೆದುಕೊಂಡು ಬಡಕಲಾಗುತ್ತೆ. ಆನೆಯನ್ನು ಮೊದಲೇ ಸ್ವಲ್ಪ ಅಡ್ಡಕ್ಕೆ ಉದ್ದ ಮಾಡಿ ಬರೆಯಿರಿ. (ನಂಬರ್ ದೊಡ್ಡದಾದಷ್ಟೂ ಮಣಿ ಚಿಕ್ಕದು. 15 ನಂಬರ್ ನನ್ನ ಕಣ್ಣಿಗಂತೂ ಆಗಲ್ಲ.)

ಡೆಲಿಕಾ ಒಂದೇ ಅಳತೆ, ತೂತೂ ದೊಡ್ಡದು, ಒಪ್ಪುತ್ತೇನೆ. ಆದರೆ ಕಲಿಯೋಕೆ ಅಷ್ಟು ದುಡ್ಡು ಹಾಕಬೇಡಿ. ಇಲ್ಲೇ ಸಿಗುವ ಗಾಜಿನ ಮಣಿಯನ್ನು ತಟ್ಟೆಗೆ ಸುರಿದು, ತೆಳ್ಳಗಿರುವುದು ಒಂದು ಕಡೆ, ದಪ್ಪ ಇರುವುದು ಒಂದು ಕಡೆ ಆರಿಸಿಟ್ಟುಕೊಳ್ಳಿ, ಅರ್ಧ ತೊಂದರೆ ಅಲ್ಲೇ ಕಳೆಯುತ್ತೆ.

ನಿಮ್ಮ ಮನೆಯಲ್ಲಿ 15 ರಿಂದ 8 ಸಂದು ಚುಕ್ಕಿಯ ಹಳೇ ಪುಟ ಏನಾದ್ರೂ ಇದ್ದರೆ ಕಾಮೆಂಟಿನಲ್ಲಿ ಫೋಟೋ ಹಾಕಿ. ಯಾವುದು ಮಣಿಗೆ ಕೂರುತ್ತೆ, ಯಾವುದು ಕೂರಲ್ಲ ಅಂತ ಗುರುತು ಹಾಕಿ ಕೊಡ್ತೀನಿ.