ಸೇವೆಯ ಪಟ್ಟಿಯಲ್ಲಿ ಹೆಸರಿಲ್ಲದವರು

ನಮ್ಮ ಕರಾವಳಿಯ ಇಗರ್ಜಿಗಳಲ್ಲಿ ಸೇವೆ ಎಂದರೆ ಗಾಯನ, ವಾಚನ, ಹಬ್ಬಕ್ಕೆ ಪೀಠದ ಅಲಂಕಾರ. ಅವು ಬೇಕೇ ಬೇಕು. ಆದರೆ ಸರ್ಕಾರಿ ಫಾರ್ಮನ್ನು ತಪ್ಪಿಲ್ಲದೆ ತುಂಬಬಲ್ಲ ನಿವೃತ್ತ ಗುಮಾಸ್ತರನ್ನು ಯಾರೂ ಕರೆಯುವುದಿಲ್ಲ. ತಮ್ಮಲ್ಲೂ ದೇವರು ಕೊಟ್ಟ ವರ ಇದೆಯೆಂದು ಅವರಿಗೂ ಅನಿಸಿರುವುದಿಲ್ಲ. ಬೈಬಲಿನ ಮತ್ತಾಯ 25ರಲ್ಲಿ ಯೇಸು ಹೇಳಿದ ಸಾಮತಿಯಲ್ಲಿ, ಧಣಿಯಿಂದ ಒಂದೇ ತಲಾಂತು, ಅಂದರೆ ದೊಡ್ಡ ಮೊತ್ತದ ಹಣ, ಸಿಕ್ಕವನು ಅದನ್ನು ಹಾಳುಮಾಡಲಿಲ್ಲ, ಹೆದರಿ ಹೂತಿಟ್ಟ ಅಷ್ಟೇ. ಧಣಿಗೆ ಸಿಟ್ಟು ಬಂದದ್ದು ಅದಕ್ಕೇ. ಯೊಪ್ಪ ಎಂಬ ಬಂದರು ಊರಿನಲ್ಲಿ ತಬಿಥಾ ತೀರಿಕೊಂಡಾಗ ವಿಧವೆಯರು ಅಳುತ್ತ ಯೇಸುವಿನ ಶಿಷ್ಯ ಪೇತ್ರನಿಗೆ ತೋರಿಸಿದ್ದು ಅವಳು ಹೊಲಿದುಕೊಟ್ಟ ಬಟ್ಟೆಗಳನ್ನು.

ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ನಿಷೇಧವಿರುವುದರಿಂದ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ಬೈತಖೋಲ, ತದಡಿಯಂಥ ಮೀನುಗಾರಿಕೆ ಬಂದರುಗಳ ಕಡೆಯ ಮನೆಗಳಲ್ಲಿ ಎಲ್ಲರೂ ಸಿಗುವ ಕಾಲ ಅದು, ಕಾಗದಪತ್ರ ಸರಿಮಾಡಲು ಒಳ್ಳೆಯ ಹೊತ್ತು. ವಿಧವಾ ವೇತನವನ್ನೇ ತೆಗೆದುಕೊಳ್ಳಿ. ಮೊದಲು ಗಂಡನ ಮರಣ ಪ್ರಮಾಣಪತ್ರ ನೋಡಿ. ಇಗರ್ಜಿಯ ಪುಸ್ತಕದಲ್ಲಿ ಸಾವು ದಾಖಲಾದರೆ ಸಾಕು ಎಂದುಕೊಂಡವರು ಬಹಳ ಜನ, ಸಾಲದು. ಸರ್ಕಾರಿ ನೋಂದಣಿ 21 ದಿನದೊಳಗೆ ಆಗಬೇಕು, ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕಾಗುತ್ತದೆ.

ಆಮೇಲೆ ಹೆಸರು. ನಮ್ಮವರ ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಇಲ್ಲಿಯೇ. ದೀಕ್ಷಾಸ್ನಾನದ ಪತ್ರದಲ್ಲಿ 'ಫೆರ್ನಾಂಡಿಸ್', ಆಧಾರ್‌ನಲ್ಲಿ 'ಫರ್ನಾಂಡೀಸ', ಪಾಸ್‌ಬುಕ್ಕಿನಲ್ಲಿ ಮನೆತನದ ಹೆಸರೇ ಇಲ್ಲ! ನಾಡಕಚೇರಿಗೆ ಹೋಗುವ ಮೊದಲೇ ಎಲ್ಲ ಕಾಗದಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಬೇಕು. ಮಂಜೂರಾದ ಮೇಲೂ ಹಣ ಕಾಣದಿದ್ದರೆ ಗಾಬರಿ ಬೇಡ. ಆಧಾರ್ ಮೂಲಕ ಬರುವ ಹಣ ಕೊನೆಗೆ ಜೋಡಿಸಿದ ಖಾತೆಗೇ ಬೀಳುತ್ತದೆ, ಮರೆತುಹೋದ ಹಳೆಯ ಪಾಸ್‌ಬುಕ್ಕನ್ನೂ ಎಂಟ್ರಿ ಮಾಡಿಸಿ ನೋಡಿ.

ಎಲೆಕ್ಟ್ರಿಷಿಯನ್‌ಗಳಿಗೆ ಮಳೆಗಾಲಕ್ಕೆ ಮುಂಚೆ, ಒಂಟಿ ಮುದುಕರ ಮನೆಗಳಲ್ಲಿ ಕೆಲಸವಿದೆ. ಕರೆಂಟ್ ಸೋರಿದರೆ ತಾನಾಗಿ ಸಂಪರ್ಕ ಕಡಿಯುವ ಸ್ವಿಚ್ಚಾದ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿದಾಗ ಟ್ರಿಪ್ ಆದರೆ ಆ ಉಪಕರಣ ಸರಿಯಿದೆ ಎಂದಷ್ಟೇ ಅರ್ಥ. ಅರ್ಥಿಂಗ್ ಸರಿಯಿದೆ ಎಂದಲ್ಲ. ಉಪ್ಪುಗಾಳಿಗೆ ಅರ್ಥಿಂಗ್ ಪೈಪಿನ ಕ್ಲಾಂಪ್ ತುಕ್ಕು ಹಿಡಿದಿರುತ್ತದೆ, ಅದನ್ನು ಬೇರೆಯಾಗಿಯೇ ಪರೀಕ್ಷಿಸಬೇಕು. ನರ್ಸ್‌ಗಳು ಬಿಪಿ ನೋಡುವಾಗ ಅಜ್ಜಿಯನ್ನು 5 ನಿಮಿಷ ಸುಮ್ಮನೆ ಕೂರಿಸಿ, ತೋಳು ಎದೆಯ ಮಟ್ಟಕ್ಕಿರಲಿ, ಎರಡು ಸಲ ನೋಡಿ. ಪೂಜೆ ಮುಗಿಸಿ ನಡೆದು ಬಂದ ತಕ್ಷಣ ನೋಡಿದ ಲೆಕ್ಕ ನಂಬುವಂಥದ್ದಲ್ಲ.

ಮನೆಗೆ ಹೋಗುವುದಾದರೆ ಇಬ್ಬರು ಹೋಗಿ, ಯೇಸು ಶಿಷ್ಯರನ್ನು ಕಳಿಸಿದ್ದೂ ಹಾಗೆಯೇ. ಇನ್ನೊಬ್ಬರ ಪಾಸ್‌ಬುಕ್, ಎಟಿಎಂ ಕಾರ್ಡ್ ನಿಮ್ಮ ಹತ್ತಿರ ಒಂದು ರಾತ್ರಿಯೂ ಇರಬಾರದು. ಓಟಿಪಿ ಅವರೇ ಓದಿ ಹೇಳಲಿ, ಅವರೆದುರಿಗೇ ಹಾಕಿ. ಅರ್ಜಿಯ ಸ್ವೀಕೃತಿ ಚೀಟಿ ಅವರ ಕೈಯಲ್ಲೇ ಇರಲಿ.

ಭಾನುವಾರದ ಪೂಜೆಯ ನಂತರ ಇಗರ್ಜಿಯ ಜಗಲಿಯಲ್ಲಿ ಒಂದು ಮೇಜು ಹಾಕಲು ಫಾದರ್ ಹತ್ತಿರ ಕೇಳಿ. ಬಂದವರು ಖಾರ್ವಿಯರೋ ಹಾಲಕ್ಕಿಗಳೋ ಮುಸ್ಲಿಮರೋ, ಕೇಳಬೇಡಿ. ಕೆಲಸ ಆದ ಮೇಲೆ ಪ್ರಾರ್ಥನೆಗೆ ಬನ್ನಿ ಎಂದೂ ಹೇಳಬೇಡಿ. ಯೇಸು ಹೇಳಿದ ಕಥೆಯಲ್ಲಿ, ದಾರಿಯಲ್ಲಿ ಗಾಯಗೊಂಡು ಬಿದ್ದವನ ಛತ್ರದ ಖರ್ಚು ಕೊಟ್ಟ ಸಮಾರ್ಯದವನು ಅವನಿಂದ ಏನನ್ನೂ ಕೇಳಲಿಲ್ಲ. ಛತ್ರದವನಿಗೆ ಹೇಳಿಹೋದದ್ದು ಇಷ್ಟೇ: ಹೆಚ್ಚು ಖರ್ಚಾದರೆ ತಿರುಗಿ ಬರುವಾಗ ಕೊಡುತ್ತೇನೆ.