16 ಟೈಪ್‌ಗಳಲ್ಲಿ ನೀವು ಯಾವುದು? ಸತ್ಯಾಂಶ ಇಲ್ಲಿದೆ

“ಮನುಷ್ಯರ ವ್ಯಕ್ತಿತ್ವದಲ್ಲಿ ಇರುವುದೇ 16 ಟೈಪ್. ನಿಮ್ಮದು ಹುಟ್ಟಿನಿಂದ ಬಂದದ್ದು, ಎಂದೂ ಬದಲಾಗುವುದಿಲ್ಲ. ಇದನ್ನು ವಿಜ್ಞಾನವೇ ಒಪ್ಪಿದೆ.” ಹೀಗೊಂದು ಮೆಸೇಜ್ ಆಗಾಗ ಬರುತ್ತದೆ, ಕೆಳಗೆ ಹತ್ತು ಪ್ರಶ್ನೆಗಳ ಜೊತೆ.

ಈ 16ರ ಲೆಕ್ಕ ಬಂದದ್ದು ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಾಬೆಲ್ ಮೈಯರ್ಸ್ ಅವರಿಂದ. ಸ್ವಿಸ್ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಬರೆದ ವಿಚಾರಗಳೇ ಅವರಿಗೆ ಆಧಾರ. ತಾಯಿ, ಮಗಳು ಇಬ್ಬರೂ ಮನಃಶಾಸ್ತ್ರ ಓದಿದವರಲ್ಲ. ಅದು ದೊಡ್ಡ ತಪ್ಪೇನಲ್ಲ ಬಿಡಿ.

ನಿಜವಾದ ತೊಡಕು ಬೇರೆ. ಜಾಸ್ತಿ ಜನ ಪೂರ್ತಿ ಅಂತರ್ಮುಖಿಯೂ ಅಲ್ಲ, ಪೂರ್ತಿ ಬಹಿರ್ಮುಖಿಯೂ ಅಲ್ಲ, ನಡುವೆ ಎಲ್ಲೋ ಇರುತ್ತಾರೆ. ಆದರೆ ಈ ಪರೀಕ್ಷೆ ನಡುವೆ ಗೆರೆ ಎಳೆದು ಎಲ್ಲರನ್ನೂ ಈ ಎರಡರಲ್ಲಿ ಒಂದಕ್ಕೆ ಸೇರಿಸುತ್ತದೆ. ನೂರಕ್ಕೆ 49 ಬಂದವರು ಒಂದು ಗುಂಪು, 51 ಬಂದವರು ಇನ್ನೊಂದು ಗುಂಪು. ಆದರೆ 51 ಮತ್ತು 95 ಒಂದೇ ಗುಂಪು! ವಿಚಿತ್ರ ಅಲ್ವಾ? ಕೆಲವು ವಾರ ಬಿಟ್ಟು ಮತ್ತೆ ಉತ್ತರಿಸಿದಾಗ ಎಷ್ಟೋ ಜನರ ಟೈಪ್ ಬದಲಾಗುವುದಕ್ಕೆ ಇದೂ ಒಂದು ಕಾರಣ.

“ಆದರೆ ನನ್ನ ಬಗ್ಗೆ ಸರಿಯಾಗಿಯೇ ಹೇಳಿತಲ್ಲ?” ಎನ್ನಬಹುದು. 1948ರಲ್ಲಿ ಬರ್ಟ್ರಾಮ್ ಫೋರರ್ ಎಂಬ ಮನಃಶಾಸ್ತ್ರಜ್ಞ ತನ್ನ ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟರು. ಆಮೇಲೆ “ಇದು ನಿಮ್ಮ ವ್ಯಕ್ತಿತ್ವ” ಎಂದು ಎಲ್ಲರಿಗೂ ಒಂದೇ ಬರಹ ಹಂಚಿದರು. ಅದು ತಮಗೆ ಎಷ್ಟು ಹೊಂದುತ್ತದೆ ಎಂದು ವಿದ್ಯಾರ್ಥಿಗಳು ಕೊಟ್ಟ ಅಂಕ, ಸರಾಸರಿ 5ಕ್ಕೆ 4.26. ಎಲ್ಲರಿಗೂ ಒಪ್ಪುವ ಮಾತು ನಮಗೂ ಒಪ್ಪುತ್ತದೆ, ಅಷ್ಟೆ.

ಸಂಶೋಧಕರು ಇಂದು ಹೆಚ್ಚಾಗಿ ನೋಡುವುದು ಬಹಿರ್ಮುಖತೆಯಂಥ ಐದು ಗುಣಗಳ ಅಳತೆಯನ್ನು. ಅಲ್ಲಿ ಟೈಪ್ ಇಲ್ಲ, ಪ್ರತಿ ಗುಣವೂ ಎಷ್ಟಿದೆ ಎಂಬ ಲೆಕ್ಕ ಮಾತ್ರ. ಹುಟ್ಟಿನ ಪಾಲು ಇದ್ದೇ ಇದೆ, ಆದರೆ ವಯಸ್ಸಾದಂತೆ ಈ ಅಳತೆಗಳೂ ನಿಧಾನವಾಗಿ ಬದಲಾಗುತ್ತವೆ. ನಿಮ್ಮನ್ನು ಚೆನ್ನಾಗಿ ಬಲ್ಲವರೊಬ್ಬರಿಂದಲೂ ನೀವು ಉತ್ತರಿಸಿದ ಅದೇ ಪ್ರಶ್ನೆಗಳಿಗೆ ನಿಮ್ಮ ಬಗ್ಗೆ ಉತ್ತರ ಬರೆಸಿ ನೋಡಿ. ಎರಡೂ ಉತ್ತರ ಎಲ್ಲಿ ಬೇರೆಯಾಗುತ್ತವೋ, ತಿಳಿಯಬೇಕಾದದ್ದು ಅಲ್ಲೇ ಜಾಸ್ತಿ ಇರುತ್ತದೆ.